ಹುಚ್ಚಪ್ಪನ ಗಾಡಿಗೆ ನೀಲಿ ಫ್ಯೂಜು

ನನ್ನ ಗಂಡನ ಹೆಸರು ಹುಚ್ಚಪ್ಪ. ಹುಚ್ಚರಲ್ಲ. ಅವರಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲ ಎಂದು ನಮ್ಮ ಅತ್ತೆ ಈ ಹೆಸರಿಟ್ಟಳು. ಇಂಥ ಹೆಸರು ಕೇಳಿದರೆ ಸಾವು ಮುಖ ತಿರುವಿಕೊಂಡು ಹೋಗುತ್ತದೆ ಎಂದು ಆಕೆಯ ನಂಬಿಕೆ. ಬಹಳ ವರ್ಷ ಮುಖ ತಿರುವಿಕೊಂಡೇ ಇತ್ತು. ಹೋದ ದೀಪಾವಳಿಯ ಮುಂದೆ ಈ ಕಡೆ ನೋಡಿತು. ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ರಿಕ್ಷಾದಲ್ಲಿ ಒಯ್ದೆವು. ತಿರುಗಿ ತರುವಾಗ ಬೇರೆ ಗಾಡಿ ಬೇಕಾಯಿತು.

ಅವರ ಬಗ್ಗೆ ಬರೆದುಕೊಡಿ ಎಂದು ನಮ್ಮ ಬೆಂಗೇರಿ ಓಣಿಯ ಜಯಂತಿ ಕಮಿಟಿಯವರು ಕೇಳಿದ್ದಾರೆ. ಪುಸ್ತಕ ಮಾಡುತ್ತಾರಂತೆ. ನಾನು ಐದನೆಯ ತರಗತಿ ತನಕ ಶಾಲೆಗೆ ಹೋದವಳು. ದೊಡ್ಡ ಮಾತು ಬರುವುದಿಲ್ಲ. ಅವರು ಬಹಳ ಒಳ್ಳೆಯವರು ಎಂದು ಉಳಿದವರು ಬರೆಯುತ್ತಾರೆ. ಸತ್ತವರೆಲ್ಲ ಒಳ್ಳೆಯವರೇ. ನಾನು ಗಾಡಿಯ ಕಥೆ ಬರೆಯುತ್ತೇನೆ. ಅದರಲ್ಲಿ ಅವರು ಪೂರ್ತಿ ಇದ್ದಾರೆ.

ಅವರದು ಒಂದು ಸಣ್ಣ ಲಾರಿ. ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು. ಮನೆ ಬದಲಿಸುವವರ ಸಾಮಾನು ಸಾಗಿಸುತ್ತಿದ್ದರು. ಧಾರವಾಡದ ಮಾಳಮಡ್ಡಿಯಿಂದ ಜಾಸ್ತಿ ಕರೆ ಬರುತ್ತಿತ್ತು. ಅಲ್ಲಿ ಮಾಸ್ತರರು ಬಹಳ. ಮಾಸ್ತರರ ಮನೆಯಲ್ಲಿ ಪಾತ್ರೆ ಕಡಿಮೆ, ಪುಸ್ತಕ ಜಾಸ್ತಿ. ಸಂಜೆ ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಹೇಳುತ್ತಿದ್ದರು:

"ಸಿಮೆಂಟ್ ಚೀಲಾ ಹೊರಬಹುದು, ಈ ಪುಸ್ತಕದ ಗಂಟು ಹೊರಾಕಾಗೂದಿಲ್ಲ ನೋಡು. ಓದಿದ್ದೆಲ್ಲಾ ತಲ್ಯಾಗ ಇಳದಿದ್ರ ಪುಸ್ತಕ ಹಗರ ಆಗಬೇಕಿತ್ತಲ್ಲ?"

ಅವರಿಗೆ ಕುಡಿತ ಇರಲಿಲ್ಲ. ಇಸ್ಪೀಟು ಇರಲಿಲ್ಲ. ಗಾಡಿಗೆ ಏನಾದರೂ ಹಚ್ಚುವ ಚಟ ಇತ್ತು. ಮೊದಲು ಫ್ಯಾನು ಹಚ್ಚಿದರು. ಆಮೇಲೆ ಟೇಪು. ಆಮೇಲೆ ಮುಂದೆ ನಾಲ್ಕು ದೊಡ್ಡ ದೀಪ. ಫೋನ್ ಚಾರ್ಜರು. ಒಳಗೆ ಒಂದು ನೀಲಿ ದೀಪ. ಸುತ್ತ ಮಿಣುಕುವ ಸೀರಿಯಲ್ ಸೆಟ್ಟು. ಹಿಂದಕ್ಕೆ ತೆಗೆಯುವಾಗ ಹಾಡುವ ಪೀಪಿ. ಚಹಾ ಕಾಯಿಸುವ ಕೆಟಲಿ. ಕಡೆಗೆ ಮೂರು ಬಾಯಿಯ ಹಾರ್ನು. ಆ ಹಾರ್ನು ಕೇಳಿದ ದಿನ ಪಕ್ಕದ ಮನೆಯ ಎಮ್ಮೆ ಹಾಲು ಬಿಡುತ್ತಿರಲಿಲ್ಲ.

ಎಲ್ಲವನ್ನೂ ತಾವೇ ಹಚ್ಚುತ್ತಿದ್ದರು. ಹಚ್ಚುವ ರೀತಿ ಒಂದೇ. ಕೈಗೆ ಸಿಕ್ಕ ತಂತಿ ಸುಲಿಯುವುದು, ಅದಕ್ಕೆ ಹೊಸ ತಂತಿ ಸುತ್ತುವುದು, ಮೇಲೆ ಕಪ್ಪು ಟೇಪು. ಟೇಪು ಮುಗಿದಿದ್ದರೆ ನನ್ನ ಹಳೆಯ ಸೀರೆಯ ಅಂಚು. ಗಾಡಿಯ ಫ್ಯೂಜು ಸುಟ್ಟರೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ತುರುಕುವುದು. ಅವರು ಸಿಗರೇಟು ಸೇದುತ್ತಿರಲಿಲ್ಲ. ಕಾಗದಕ್ಕಾಗಿ ಸೇದುವವರ ಸ್ನೇಹ ಮಾಡಿದ್ದರು.

ಇದರಿಂದ ಗಾಡಿಗೆ ಒಂದು ಸ್ವಭಾವ ಬಂತು. ಬ್ರೇಕು ಒತ್ತಿದರೆ ಟೇಪಿನಲ್ಲಿ ಹಾಡುವ ಹೆಂಗಸು ಗಂಡಸಾಗುತ್ತಿದ್ದಳು. ಹಾರ್ನು ಒತ್ತಿದರೆ ಫ್ಯಾನು ನಿಲ್ಲುತ್ತಿತ್ತು. ಎಡಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಆಡುತ್ತಿತ್ತು. ಒಮ್ಮೆ ಟ್ರಾಫಿಕ್ ಪೊಲೀಸನೊಬ್ಬ ಕೈ ಅಡ್ಡ ಮಾಡಿ ನಿಲ್ಲಿಸಿದ.

"ಇಂಥಾ ಬಿಸಲಾಗ ವೈಪರ್ ಯಾಕ ಹಾಕೀಯೋ?"

"ಎಡಕ್ಕ ಹೊಂಟೇನ್ರಿ ಸಾಹೇಬ್ರ" ಎಂದರು.

ಅವನು ಅಡ್ಡ ಮಾಡಿದ ಕೈ ತೆಗೆದು, ಹೋಗು ಎಂದ.

ಅವರಿಗೆ ವರ್ಷದಲ್ಲಿ ಒಂದೇ ದಿನ ದೊಡ್ಡದು. ಏಪ್ರಿಲ್ ಹದಿನಾಲ್ಕು, ಬಾಬಾಸಾಹೇಬರ ಜಯಂತಿ. ನಮ್ಮ ಓಣಿಯ ಮೆರವಣಿಗೆಯಲ್ಲಿ ಫೋಟೊ ಇಡುವ ಗಾಡಿ ಅವರದು. ಅವರ ಅಪ್ಪ ಹಮಾಲಿ ಮಾಡುತ್ತಿದ್ದ. ಚೀಲ ಹೊರುವ ಕೈಗಾಡಿಯನ್ನೇ ತೊಳೆದು, ಅದರ ಮೇಲೆ ಇದೇ ಫೋಟೊ ಇಟ್ಟು ಸರ್ಕಲ್ಲಿನ ತನಕ ನೂಕಿಕೊಂಡು ಹೋಗುತ್ತಿದ್ದ. ಅಪ್ಪನಿಂದ ಮಗನಿಗೆ ಹೊಲ ಬರಲಿಲ್ಲ, ಮನೆ ಬರಲಿಲ್ಲ. ಫೋಟೊ ಒಯ್ಯುವ ಕೆಲಸ ಬಂತು. ಅದನ್ನು ಬೇರೆಯವರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ.

ಹೋದ ವರ್ಷದ ಹಿಂದಿನ ಜಯಂತಿಗೆ ಕಮಿಟಿಯವರು ಗಾಡಿಯ ಮೇಲೆ ಎರಡು ದೊಡ್ಡ ಭೋಂಗಾ ಸ್ಪೀಕರ್ ಕಟ್ಟಿದರು, ಮೈಕಿಗೆ ಒಂದು ಆಂಪ್ಲಿಫೈಯರ್ ತಂದರು. ನಮ್ಮವರು ಅದರ ತಂತಿಯನ್ನೂ ಆ ಹಳೆಯ ಗಂಟಿಗೇ ಸುತ್ತಿದರು. ನಡು ರಸ್ತೆಯಲ್ಲಿ ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು. ಜನ ಊದಿನಕಡ್ಡಿ ಎಂದುಕೊಂಡರು. ಕೆಲವರು ಕೈ ಮುಗಿದರು. ಆಮೇಲೆ ಭೋಂಗಾ ಸತ್ತವು, ದೀಪ ಸತ್ತವು, ಎಂಜಿನ್ನೂ ಸತ್ತಿತು. ಇವರು ಕೆಳಗೆ ಹಾರಿ ಚಪ್ಪಲಿಯಿಂದ ಬಡಿದು ಬ್ಯಾಟರಿಯ ತಂತಿ ಕಿತ್ತರು. ಫೋಟೊಗೆ ಏನೂ ಆಗಲಿಲ್ಲ. ಸರ್ಕಲ್ಲಿನ ತನಕ ಗಾಡಿಯನ್ನು ಹುಡುಗರು ನೂಕಿದರು. ಇವರು ಸ್ಟೇರಿಂಗ್ ಹಿಡಿದು ಒಳಗೆ ಕುಳಿತಿದ್ದರು. ಮುಖ ನೋಡುವ ಹಾಗಿರಲಿಲ್ಲ.

ಆಮೇಲೆ ಓಣಿಯಲ್ಲಿ ಮೀಟಿಂಗ್ ಆಯಿತು. ಕಮಿಟಿಯ ಸೆಕ್ರೆಟರಿ ಯಲ್ಲೇಶ. ಸರಕಾರಿ ಆಫೀಸಿನಲ್ಲಿ ಕ್ಲಾರ್ಕು. ಸಣ್ಣವನಿದ್ದಾಗ ನಮ್ಮ ಗಾಡಿಯಲ್ಲೇ ಶಾಲೆಗೆ ಹೋದವನು.

"ಕಾಕಾ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮುಂದಿನ ಸಲಾ ರಾಯಾಪುರದಿಂದ ಟ್ರ್ಯಾಕ್ಟರ್ ತರಸೂಣು" ಎಂದ.

"ಟ್ರ್ಯಾಕ್ಟರ್? ಬಾಬಾಸಾಹೇಬ್ರು ಬ್ಯಾರಿಸ್ಟರ್ ಅದಾರೋ, ಕಬ್ಬು ಅಲ್ಲ!"

"ಹಂಗಾದ್ರ ಗಾಡಿ ವೈರಿಂಗ್ ಛಲೋತ್ನ್ಯಾಗ ಮಾಡಿಸ್ರಿ. ಸಿಗರೇಟ್ ಹಾಳಿ ಅಲ್ಲ, ಖರೇ ಫ್ಯೂಜ್ ಹಾಕಿಸ್ರಿ. ಇಲ್ಲಂದ್ರ ಟ್ರ್ಯಾಕ್ಟರ್. ಇದು ಕಮಿಟಿ ಮಾತು, ನನ್ನ ಮಾತಲ್ಲ."

ಮನೆಗೆ ಬಂದರು. ರೊಟ್ಟಿ ಹಾಕಿದೆ. ಮುಟ್ಟಲಿಲ್ಲ. ಅವರು ರೊಟ್ಟಿ ಬಿಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿದ್ದು ಅವರ ಅಪ್ಪ ಸತ್ತ ದಿನ. ಅವತ್ತೂ ಅರ್ಧ ತಿಂದಿದ್ದರು.

ಬೆಂಗೇರಿ ರಸ್ತೆಯಲ್ಲಿ ರಸೂಲಸಾಬನ ಅಂಗಡಿ ಇದೆ. ಗಾಡಿಗಳ ವೈರಿಂಗ್ ಮಾಡುತ್ತಾನೆ. ಇವರಿಗೂ ಅವನಿಗೂ ಚಡ್ಡಿ ಹಾಕುವಾಗಿನ ಗೆಳೆತನ. ಅವರಿಬ್ಬರು ಮಾತಾಡುವುದನ್ನು ಹೊಸಬರು ಕೇಳಿದರೆ ಇವರ ಕೇಸು ಕೋರ್ಟಿನಲ್ಲಿದೆ ಎಂದುಕೊಳ್ಳಬೇಕು. ಇಷ್ಟು ಗೆಳೆತನ ಇದ್ದೂ ಗಾಡಿಯನ್ನು ಅವನ ಹತ್ತಿರ ಒಯ್ಯುತ್ತಿರಲಿಲ್ಲ. ಯಾಕೆಂದರೆ ರಸೂಲಸಾಬ ಹಚ್ಚುವುದಕ್ಕಿಂತ ಕೀಳುವುದು ಜಾಸ್ತಿ.

ಆದರೆ ಈಗ ಟ್ರ್ಯಾಕ್ಟರಿನ ಭಯ ಬಂದಿತ್ತು. ಒಯ್ದರು. ಮಧ್ಯಾಹ್ನಕ್ಕೆ ರೊಟ್ಟಿ ಗಂಟು ಕಟ್ಟಿಕೊಂಡು ನಾನೂ ಹೋದೆ.

"ಬಾರಲೇ ಹುಚ್ಯಾ. ಗಾಡಿ ಓಡಿಸ್ಕೋತ ಬಂದ್ಯೋ, ನೂಕಿಸ್ಕೋತ ಬಂದ್ಯೋ?"

"ಓಡಿಸ್ಕೋತ ಬಂದೇನಿ. ಬಾಯಿ ಮುಚ್ಚಿ ಒಳಗ ನೋಡು."

ರಸೂಲಸಾಬ ಡ್ಯಾಶ್‌ಬೋರ್ಡು ಬಿಚ್ಚಿದ. ತಲೆ ಒಳಗೆ ಹಾಕಿ ನೋಡಿದ. ನಂತರ ನನ್ನ ಕಡೆ ತಿರುಗಿದ.

"ವೈನೀ, ಇದೇನ್ರಿ, ಗೀಜಗನ ಗೂಡು? ಇದು ನಿಮ್ಮ ಸೀರಿ ಅಂಚಲ್ಲೇನ್ರಿ?"

"ಹೌದ್ರಿ. ಇಳಕಲ್ಲ ಸೀರಿದು."

"ಸೀರಿ ಛಲೋ ಐತ್ರಿ. ಅದೊಂದ ಸುಟ್ಟಿಲ್ಲ."

ಎಲ್ಲ ಕಿತ್ತು ನೆಲಕ್ಕೆ ಹಾಕಿದ. ದೊಡ್ಡ ಕುಪ್ಪೆ ಆಯಿತು. ಇವರು ಕುಪ್ಪೆಯ ಪಕ್ಕ ಕುಳಿತರು, ಬೆಳೆ ಹೋದವರ ಹಾಗೆ. ರಸೂಲಸಾಬ ಕಪಾಟಿನಿಂದ ಒಂದು ಕರಿ ಡಬ್ಬಿ ತಂದ. ಅಂಗೈಯಷ್ಟು ಇತ್ತು. ಒಳಗೆ ಆರು ಸೀಳು.

"ನೋಡು. ಓಣ್ಯಾಗ ಒಂದ ನಳಾ ಐತಿ. ಎಲ್ಲಾ ಮನಿಯವರು ಅದಕ್ಕ ಪೈಪ್ ಹಚ್ಯಾರ. ಎಲ್ಲಾರೂ ಒಮ್ಮೆಲೇ ಬಿಟ್ರ ಯಾರಿಗೂ ನೀರಿಲ್ಲ, ಮ್ಯಾಲ ನಳಾನೂ ಒಡೀತೈತಿ. ನೀ ಮಾಡಿದ್ದು ಇದು. ಈಗ ನಾ ಏನ ಮಾಡತೇನಿ, ಬ್ಯಾಟರಿಯಿಂದ ಸೀದಾ ಒಂದ ದಪ್ಪ ವೈರ್ ತಗೀತೇನಿ. ಬ್ಯಾಟರಿ ಮಗ್ಗಲಾಗ ಒಂದ ದೊಡ್ಡ ಫ್ಯೂಜ್. ಅಲ್ಲಿಂದ ವೈರ್ ಈ ಡಬ್ಬಿಗೆ. ಡಬ್ಬ್ಯಾಗ ಆರ ಮನಿ. ಒಂದ ಮನಿಗೆ ಒಂದ ಫ್ಯೂಜ್, ಒಂದ ಐಟಂ. ಒಬ್ಬನ ಮನಿ ಸುಟ್ರ ಮಗ್ಗಲ ಮನಿಯವಗ ಗೊತ್ತ ಆಗೂದಿಲ್ಲ."

"ಅದೆಂಥಾ ಓಣಿಯೋ. ನಮ್ಮಲ್ಲಿ ಒಬ್ಬನ ಮನ್ಯಾಗ ಹಾಲು ಉಕ್ಕಿದ್ರ ಎಲ್ಲಾರೂ ಓಡಿ ಬರತಾರ."

"ಅದಕ್ಕ ನಿಮ್ಮ ಓಣಿ ಕತ್ತಲ್ಯಾಗ ಐತಿ."

"ಆರ ಯಾಕ? ಹನ್ನೆರಡ ಮನೀದು ಸಿಗೂದಿಲ್ಲೇನು?"

"ಸಿಗತೈತಿ. ಅಷ್ಟಕ್ಕ ಕರೆಂಟ್ ಕೊಡಾಕ ಡೈನಮೋ ಬೇಕಲ್ಲ. ನಿನ್ನ ಡೈನಮೋ ನಿನ್ನಂಗ ಮುದಿ ಆಗೇತಿ. ಆರಕ್ಕಿಂತ ಒಂದ ಜಾಸ್ತಿ ಹಚ್ಚಿದ್ರೂ ನಾ ಜವಾಬ್ದಾರ ಅಲ್ಲ."

ಮನೆ ಆರು, ಅರ್ಜಿ ಹತ್ತು. ಸರಕಾರದವರು ಆಶ್ರಯ ಮನೆ ಹಂಚುವ ಹಾಗೆ ಇಬ್ಬರೂ ಕುಳಿತರು. ಆಂಪ್ಲಿಫೈಯರಿಗೆ ಮೊದಲ ಮನೆ. ಅದಕ್ಕೆ ತಕರಾರು ಇರಲಿಲ್ಲ. ಮುಂದಿನ ದೀಪಗಳಿಗೆ ಒಂದು. ಫೋನ್ ಬಂದರೆ ತಾನೆ ಬಾಡಿಗೆ, ಅದಕ್ಕೆ ಚಾರ್ಜರಿಗೆ ಒಂದು. ಫೋಟೊದ ಸುತ್ತ ಹಾಕುವುದಕ್ಕೆ ಸೀರಿಯಲ್ ಸೆಟ್ಟಿಗೆ ಒಂದು. ಹಾರ್ನನ್ನು ರಸೂಲಸಾಬ ಬೇಡ ಎಂದ.

"ಹಾರ್ನ್ ಇಲ್ಲಂದ್ರ ಜನಾ ನನ್ನ ಹೆಂಗ ಗುರತ ಹಿಡೀಬೇಕು?"

"ಹೊಗಿ ನೋಡಿ ಹಿಡೀತಾರ ಬಿಡು."

ಹಾರ್ನಿಗೆ ಒಂದು ಹೋಯಿತು. ಉಳಿದದ್ದು ಒಂದೇ ಮನೆ. ಇವರು ನೀಲಿ ದೀಪ ಎಂದರು. ನಾನು ಫ್ಯಾನು ಎಂದೆ.

"ನೀ ಗಾಡ್ಯಾಗ ಕೂಡೂದು ವರ್ಷಕ್ಕ ಒಮ್ಮೆ, ಜಯಂತಿಗೆ. ನಿನಗ್ಯಾಕ ಫ್ಯಾನ್?"

"ಏಪ್ರಿಲ್‌ದಾಗ ಎಂಜಿನ್ ಮಗ್ಗಲಾಗ ಕುಂತ ನೋಡ್ರಿ. ಆ ಒಮ್ಮೆನ ನಾ ಬೇಯಬೇಕೇನು?"

"ವೈನಿ ಮಾತ ಖರೇ ಐತಿ" ಎಂದು ರಸೂಲಸಾಬ ಫ್ಯಾನಿನ ತಂತಿ ಎತ್ತಿಕೊಂಡುಬಿಟ್ಟ.

ಟೇಪು, ಕೆಟಲಿ, ಪೀಪಿ, ನೀಲಿ ದೀಪ ಮನೆಗೆ ಬರಬೇಕಾಯಿತು. ಪೀಪಿಯನ್ನು ಬಗಲಲ್ಲಿ ಹಿಡಿದುಕೊಂಡರು, ಬಾಣಂತನ ಮುಗಿಸಿ ಕೂಸು ತಂದಂತೆ. ಆದರೆ ನೀಲಿ ದೀಪ ಬಿಟ್ಟದ್ದು ಮನಸ್ಸಿಗೆ ಹತ್ತಿತು. ನೀಲಿ ನಮ್ಮ ಬಣ್ಣ. ನಮ್ಮ ಧ್ವಜದ್ದು. ಜಯಂತಿಯ ಗಾಡಿಯಲ್ಲಿ ಅದೊಂದು ಇಲ್ಲ ಎಂದರೆ ಹೇಗೆ ಎಂದು ಅವರ ತಲೆಯಲ್ಲಿ ಕೂತಿತು.

ರಸೂಲಸಾಬ ಒಂದು ಪೇಪರಿನ ಮೇಲೆ ಫ್ಯೂಜು ಸುರಿದ. ಸಣ್ಣ ಸಣ್ಣ ಪ್ಲಾಸ್ಟಿಕ್ಕಿನವು, ಎರಡು ಕಾಲು, ಬಣ್ಣ ಬಣ್ಣದವು. ಪೆಪ್ಪರಮೆಂಟಿನ ಹಾಗೆ ಇದ್ದವು. ಇವರ ಕಣ್ಣು ನೀಲಿಯ ಮೇಲೆ ಬಿತ್ತು.

"ಎಲ್ಲಾ ಮನಿಗೂ ನೀಲಿನ ಹಾಕು."

"ಸೀರಿ ಆರಸಾಕ ಬಂದಿಯೇನಲೇ? ಬಣ್ಣಾ ಅಂದ್ರ ತಾಕತ್ತು. ಕಂದು ಏಳೂವರಿ ಆಂಪ್, ಫ್ಯಾನಿಗೆ. ಕೆಂಪು ಹತ್ತು. ನೀಲಿ ಹದಿನೈದು. ಹಳದಿ ಇಪ್ಪತ್ತು, ಆಂಪ್ಲಿಫೈಯರಿಗೆ. ಹಸರು ಮೂವತ್ತು, ಅದು ನಿನಗ ಬ್ಯಾಡ."

ಇವರು ಹಸಿರು ಫ್ಯೂಜು ಎತ್ತಿ ಬಿಸಿಲಿಗೆ ಹಿಡಿದರು.

"ಹಸರಿಗೆ ಮೂವತ್ತ?"

"ಹೂಂ."

"ನೀಲಿಗೆ ಹದಿನೈದ?"

"ಹೂಂ."

"ಯಾರ ಮಾಡ್ಯಾರಲೇ ಈ ಲೆಕ್ಕಾ? ನಿಮ್ಮ ಹಸರಿಗೆ ನಮ್ಮದರ ಎರಡ ಪಟ್ಟು! ಇಲ್ಲೂ ನಮಗ ಹದಿನೈದ?"

ನಮ್ಮ ಜನಕ್ಕೆ ಸರಕಾರಿ ನೌಕರಿಯಲ್ಲಿ ನೂರಕ್ಕೆ ಹದಿನೈದು ಪಾಲು ಇತ್ತು. ಈಚೆಗೆ ಹದಿನೇಳು ಮಾಡಿದ್ದಾರೆ. ಅದು ಇವರಿಗೆ ನೆನಪಾಗಿತ್ತು.

"ಹೊರದೇಶದವರು ಮಾಡ್ಯಾರೋ ಮಾರಾಯಾ. ನನ್ನ ಕೇಳಿ ಮಾಡಿಲ್ಲ."

"ಈಗ ಹದಿನೇಳ ಆಗೇತಿ. ಹದಿನೇಳರದು ಕೊಡು."

"ಹದಿನೇಳರದು ಬರೂದ ಇಲ್ಲ."

"ಗೌರ್ಮೆಂಟ್ ಕೊಡತೈತಿ, ನೀ ಕೊಡೂದಿಲ್ಲ."

ನನಗೆ ಒಂದು ಮಾತು ತಿಳಿಯಲಿಲ್ಲ. ಕೇಳಿದೆ. "ರಸೂಲಣ್ಣಾ, ಮೂವತ್ತಂದ್ರ ತಾಕತ್ತು ಜಾಸ್ತಿ ಅಲ್ಲೇನ್ರಿ? ಎಲ್ಲಾದಕ್ಕೂ ಅದನ್ನ ಹಾಕಿದ್ರ ಸುಡೂದಿಲ್ಲಲ್ಲ?"

"ಹಂಗಲ್ರಿ ವೈನಿ. ಫ್ಯೂಜಿನ ಕೆಲಸ ತಡಕೊಳ್ಳೂದಲ್ಲ, ಹೊತ್ತಿಗೆ ಸರಿಯಾಗಿ ಸಾಯೂದು. ದೊಡ್ಡದು ಹಾಕಿದ್ರ ಅದು ಸಾಯೂದಿಲ್ಲ, ವೈರ್ ಸುಡತೈತಿ. ಸಣ್ಣದು ಹಾಕಿದ್ರ ಸುಮ್ಮಸುಮ್ಮನ ಸಾಯತೈತಿ. ಐಟಂ ಎಷ್ಟು ತಿಂತೈತೋ ಅದಕ್ಕ ತಕ್ಕಂಗ ಹಾಕಬೇಕು."

ನನಗೆ ತಿಳಿಯಿತು. ಇವರಿಗೂ ತಿಳಿಯಿತು. ತಿಳಿದದ್ದಕ್ಕೂ ಮಾಡುವುದಕ್ಕೂ ಅವರಲ್ಲಿ ಸಂಬಂಧ ಇರಲಿಲ್ಲ.

ಕೆಲಸ ಮುಗಿಯಿತು. ಇನ್ನು ಕೀಲಿ ತಿರುವಬೇಕು. ರಸೂಲಸಾಬ ತಡೆದ.

"ಕಾಯಿ ತಂದೀಯೇನು?"

"ಎಂಥಾ ಕಾಯಿ? ನಾವು ಬೌದ್ಧರು. ಪೂಜಿ ಬಿಟ್ಟೇವಿ."

"ನೀ ಬಿಟ್ಟಿರಬಹುದು. ನನ್ನ ಅಂಗಡ್ಯಾಗ ಕಾಯಿ ಒಡೀದ ಯಾವ ಗಾಡಿನೂ ಹೊರಗ ಹೋಗಿಲ್ಲ. ನಮ್ಮಪ್ಪನ ಕಾಲದಿಂದ ಪದ್ಧತಿ ಐತಿ. ಕಾಯಿ ಇಲ್ಲಂದ್ರ ಗ್ಯಾರಂಟಿ ಇಲ್ಲ."

"ನೀ ಸಾಬಾ ಆಗಿ ಕಾಯಿ ಅಂತಿ, ನಾ ಬ್ಯಾಡ ಅಂತೇನಿ. ಜನಾ ನೋಡಿದ್ರ ಏನಂದಾರು?"

"ಇಬ್ಬರಿಗೂ ಹುಚ್ಚು ಅಂತಾರ. ಕಾಯಿ ತಾ."

ಕಡೆಗೆ ನಾನೇ ಎದುರಿನ ಅಂಗಡಿಯಿಂದ ತಂದೆ. ತಿನ್ನುವುದಕ್ಕೆ ಒಡೆಯೋಣ, ಪೂಜೆಗಲ್ಲ ಎಂದು ಹೇಳಿದೆ. ಇವರು ಕೈ ಕಟ್ಟಿ ಬುದ್ಧ ವಂದನೆ ಹೇಳಿದರು. ರಸೂಲಸಾಬ ಬಿಸ್ಮಿಲ್ಲಾ ಎಂದು ಕಾಯಿ ಒಡೆದ. ಮೂವರೂ ಬೆಲ್ಲ ಹಚ್ಚಿಕೊಂಡು ತಿಂದೆವು. ಕೀಲಿ ತಿರುವಿದರೆ ಎಲ್ಲ ತಮ್ಮ ತಮ್ಮ ಕೆಲಸ ಮಾಡಿದವು. ಎಡದ ದೀಪ ಹಾಕಿದರೆ ಎಡದ ದೀಪ ಹತ್ತಿತು. ಹಾರ್ನು ಒತ್ತಿದರೂ ಫ್ಯಾನು ತಿರುಗಿತು. ಮನೆಗೆ ಬರುತ್ತ ಇವರು ಸ್ವಲ್ಪ ಬೇಸರದಲ್ಲೇ ಹೇಳಿದರು:

"ಗಾಡಿ ಸಪ್ಪಗ ಆತು ನೋಡು."

ಹೋದ ವರ್ಷ ಜಯಂತಿಯ ಹಿಂದಿನ ದಿನ ಗಾಡಿ ತೊಳೆದರು. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಇವರು ಡಬ್ಬಿಯ ಮುಂದೆ ಬಗ್ಗಿ ಕುಳಿತಿದ್ದರು. ಏನು ಮಾಡುತ್ತೀರಿ ಎಂದೆ. ಧೂಳು ಒರೆಸುತ್ತಿದ್ದೇನೆ ಎಂದರು. ಧೂಳು ಒರೆಸುವವರು ತಮ್ಮಷ್ಟಕ್ಕೆ ನಗುವುದಿಲ್ಲ. ಪೇಟೆಯಿಂದ ನೀಲಿ ಫ್ಯೂಜು ತಂದು ಆರೂ ಮನೆಗೆ ತುಂಬಿದ್ದರು. ನನಗೆ ಇದು ಗೊತ್ತಾದದ್ದು ಮರುದಿನ, ರಸ್ತೆಯ ನಡುವೆ, ಎಲ್ಲರ ಮುಂದೆ.

ಮರುದಿನ ಮಧ್ಯಾಹ್ನ ಇಳಿದ ಮೇಲೆ ಮೆರವಣಿಗೆ ಹೊರಟಿತು. ಹಿಂದೆ ಫೋಟೊ, ಹೂವು, ಸೀರಿಯಲ್ ಸೆಟ್ಟು. ಫೋಟೊದ ಪಕ್ಕ ಮೈಕು ಹಿಡಿದು ಯಲ್ಲೇಶ. ಮುಂದೆ ನಾವಿಬ್ಬರು. ಇವರದು ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ನನ್ನ ಮುಖದ ಮುಂದೆ ಫ್ಯಾನು. ಎಲ್ಲ ಛಂದ ಇತ್ತು. ಆದರೆ ಯಲ್ಲೇಶನಿಗೆ ನಂಬಿಕೆ ಇರಲಿಲ್ಲ. ಇರಲಿ ಎಂದು ರಾಯಾಪುರದಿಂದ ಟ್ರ್ಯಾಕ್ಟರನ್ನೂ ತರಿಸಿದ್ದ. ಅದು ಖಾಲಿ ಟ್ರೇಲರ್ ಎಳೆದುಕೊಂಡು ನಮ್ಮ ಹಿಂದೆ ಬರುತ್ತಿತ್ತು. ಇವರು ರಸ್ತೆ ನೋಡುವುದಕ್ಕಿಂತ ಕನ್ನಡಿ ನೋಡುವುದೇ ಜಾಸ್ತಿ ಆಯಿತು.

"ಹೆಂಗ ಬರಾಕತ್ತೇತಿ ನೋಡು. ಮುದುಕ ಯಾವಾಗ ಸಾಯತಾನಂತ ಕಾಯೋ ದಾಯಾದಿ ಇದ್ದಂಗ."

ದೊಡ್ಡ ರಸ್ತೆಗೆ ಬಂದೆವು. ಜನ ಬಹಳ ಸೇರಿದ್ದರು. ಯಲ್ಲೇಶನಿಗೆ ಹುರುಪು ಬಂತು. ಆಂಪ್ಲಿಫೈಯರಿನ ದನಿಯನ್ನು ಪೂರ್ತಿ ತಿರುವಿದ. "ಜೈ" ಎಂದ. "ಭೀಮ್" ಬರಲಿಲ್ಲ.

ಭೋಂಗಾ ಸತ್ತಿದ್ದವು. ಹೊಗೆ ಇಲ್ಲ, ವಾಸನೆ ಇಲ್ಲ. ದೀಪ ಉರಿಯುತ್ತಿದ್ದವು, ಸೀರಿಯಲ್ ಸೆಟ್ಟು ಮಿಣುಕುತ್ತಿತ್ತು, ನನ್ನ ಫ್ಯಾನು ತಿರುಗುತ್ತಿತ್ತು. ಯಲ್ಲೇಶ ಮೇಲಿನಿಂದ ಕ್ಯಾಬಿನ್ ಬಡಿದ.

"ಕಾಕಾ! ಆತಲ್ರಿ ಮತ್ತ!"

ಇವರು ಕಿಟಕಿಯಿಂದ ಅರ್ಧ ಹೊರಗೆ ಬಂದರು. "ದೀಪಾ ನೋಡಲೇ! ಸೆಟ್ ನೋಡಲೇ! ಎಂಜಿನ್ ನೋಡಲೇ! ಒಂದ ಮನಿ ಅಷ್ಟ ಹೋಗೇತಿ!"

"ದನೀನ ಇಲ್ಲಂದ್ರ ಮಿಣಕಿಸ್ಕೊಂಡ ಏನ ಮಾಡೂದ್ರಿ? ಹೆಣಾ ಒಯ್ದಂಗ ಕಾಣತೈತಿ. ಏ ಹುಡುಗೂರ, ಫೋಟೊ ಇಳಸ್ರಿ. ಟ್ರ್ಯಾಕ್ಟರ್ ಮಗ್ಗಲಿಗೆ ತಗೊಳ್ರಿ."

ಟ್ರ್ಯಾಕ್ಟರ್ ಪಕ್ಕಕ್ಕೆ ಬಂತು. ಹುಡುಗರು ಫೋಟೊ ಎತ್ತಿದರು. ಇತ್ತ ನಮ್ಮ ಗಾಡಿ, ಅತ್ತ ಟ್ರ್ಯಾಕ್ಟರ್, ನಡುವೆ ಹುಡುಗರ ಕೈ ಮೇಲೆ ಫೋಟೊ. ಇವರು ಕೆಳಗಿಳಿದು ಓಡಿ ಅದರ ಚೌಕಟ್ಟಿನ ಮೂಲೆ ಹಿಡಿದುಕೊಂಡರು. ಹಾರ್ನಿನಂಥ ದನಿ ಇದ್ದ ಮನುಷ್ಯ. ಈಗ ದನಿ ಏಳಲಿಲ್ಲ.

"ಇಳಸಬ್ಯಾಡ್ರೆಪಾ. ನಮ್ಮಪ್ಪ ಕೈಗಾಡಿ ಮ್ಯಾಲ ಒಯ್ದಾನ. ನಡುವ ಇಳಿಸಿಲ್ಲ. ಇನ್ನೊಂದೀಟ ತಡೀರಿ."

ಯಾರೂ ಬಿಡಲಿಲ್ಲ, ಯಾರೂ ಎಳೆಯಲಿಲ್ಲ. ಫೋಟೊ ಅಲ್ಲೇ ನಿಂತಿತು.

ಆ ರಸ್ತೆಯ ಮೂಲೆಯಲ್ಲಿ ರಸೂಲಸಾಬ ಮತ್ತು ಅವನ ಹೆಂಡತಿ ಗುಲ್ಜಾರಬಿ ಪ್ರತಿ ವರ್ಷ ಮೆರವಣಿಗೆಗೆ ಶರಬತ್ತು ಹಂಚುತ್ತಾರೆ. ಭೋಂಗಾ ನಿಂತದ್ದು ಅವನಿಗೆ ಅಲ್ಲಿಂದಲೇ ಗೊತ್ತಾಯಿತು. ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದ. ಕ್ಯಾಬಿನ್ನಿಗೆ ಏರಿ ಡಬ್ಬಿಯ ಮುಚ್ಚಳ ತೆಗೆದ. ನೋಡಿದ. ಮುಚ್ಚಳ ಹಾಕಿದ. ಮತ್ತೆ ತೆಗೆದು ನೋಡಿದ.

"ಇದು ನನ್ನ ಕೈ ಕೆಲಸಾ ಅಲ್ಲ. ಎಲ್ಲಾ ನೀಲಿ ಅದಾವ. ಹುಚ್ಯಾ?"

ಇವರು ಫೋಟೊದ ಮೂಲೆ ಬಿಡದೆ ಆಕಾಶ ನೋಡಿದರು.

"ಹುಚ್ಯಾ, ನಿನಗ ಕೇಳಾಕತ್ತೇನಿ."

"ಜಯಂತಿ ಐತಲ್ಲಪಾ, ಅದಕ್ಕ..."

ರಸೂಲಸಾಬ ಗಾಡಿಯ ಮೆಟ್ಟಿಲ ಮೇಲೆ ನಿಂತ. ಸೌಟು ಮೇಲೆತ್ತಿ ಜನರನ್ನು ಕೇಳಿದ:

"ಬಾಬಾಸಾಹೇಬ್ರು ನಿಮಗ ಮೊದಲ ಏನ ಹೇಳ್ಯಾರ?"

ನಮ್ಮ ಜನಕ್ಕೆ ಕೂಗಿ ರೂಢಿ. ಎಲ್ಲರೂ ಒಟ್ಟಿಗೆ ಕೂಗಿದರು: "ಶಿಕ್ಷಣ!"

"ಫ್ಯೂಜಿನ ಮ್ಯಾಲ ನಂಬರ್ ಬರದಾರ. ಓದಬೇಕಿಲ್ಲೇನೋ ಮಗನ?"

ಮೊದಲು ನಕ್ಕವಳು ನಾನು. ಆಮೇಲೆ ಟ್ರ್ಯಾಕ್ಟರಿನವನು ನಕ್ಕ. ಆಮೇಲೆ ಎಲ್ಲರೂ. ಫೋಟೊ ಹಿಡಿದ ಹುಡುಗರು ನಕ್ಕು ನಕ್ಕು ಫೋಟೊ ಅಲುಗಿತು. "ಹುಷಾರೋ! ಹುಷಾರೋ!" ಎಂದು ಇವರು ಒದರಿದರು. ದನಿ ತಿರುಗಿ ಬಂದಿತ್ತು.

ರಸೂಲಸಾಬ ಶರಬತ್ತು ತಂದಿದ್ದ ತನ್ನ ವ್ಯಾನಿಗೆ ಹೋಗಿ ಅದರದೇ ಒಂದು ಹಳದಿ ಫ್ಯೂಜು ಕಿತ್ತು ತಂದ. ಇವರು ಅದನ್ನು ನೋಡಿ ಮುಖ ಸಣ್ಣ ಮಾಡಿದರು. ಆಗ ನಾನು ಬಾಯಿ ಬಿಟ್ಟೆ.

"ಹಾಕ್ರಿ ರಸೂಲಣ್ಣಾ. ಫೋಟೊದಾಗ ಬಾಬಾಸಾಹೇಬ್ರ ಕೋಟು ನೀಲಿ ಐತಿ. ಅಷ್ಟ ಸಾಕು."

ಇವರು ನನ್ನ ನೋಡಿದರು. ಆಮೇಲೆ ಫೋಟೊ ನೋಡಿದರು. "ಹಾಕು" ಎಂದರು.

ರಸೂಲಸಾಬ ನೀಲಿ ಕಿತ್ತು ಹಳದಿ ಒತ್ತಿದ. ಆ ಹೊತ್ತಿಗೆ ಯಲ್ಲೇಶ ಮೈಕು ಹಿಡಿದುಕೊಂಡೇ ಪಕ್ಕದವನ ಕೂಡ ಗೊಣಗುತ್ತಿದ್ದ. ಭೋಂಗಾ ಒಮ್ಮೆಲೇ ಜೀವ ಹಿಡಿದವು. ಇಡೀ ರಸ್ತೆಗೆ ಕೇಳಿತು:

"...ಈ ಕಾಕಾನ ಸಲುವಾಗಿ ನಾ ವರ್ಷಾ ವರ್ಷಾ ಮಾನಾ ಕಳಕೋಬೇಕು!"

"ಕೇಳಸ್ತೋ ಯಲ್ಲೇಶ!" ಎಂದು ಇವರು ಕೂಗಿದರು. "ದನಿ ಛಲೋ ಬಂದೈತಿ!"

ಯಲ್ಲೇಶ ಮೈಕಿನ ಮೇಲೆ ಕೈ ಮುಚ್ಚಿದ. ತಿರುಗಿ ಇಡ್ರಿ ಎಂದು ಹುಡುಗರಿಗೆ ಸನ್ನೆ ಮಾಡಿದ. ಫೋಟೊ ನಮ್ಮ ಗಾಡಿಗೇ ಏರಿತು. ಟ್ರ್ಯಾಕ್ಟರಿನಲ್ಲಿ ಓಣಿಯ ಮಕ್ಕಳು, ನಡೆದು ದಣಿದ ಮುದುಕಿಯರು ಹತ್ತಿದರು. ಅದಕ್ಕೂ ಕೆಲಸ ಸಿಕ್ಕಿತು.

ರಸೂಲಸಾಬ ಇಳಿಯಲಿಲ್ಲ. ನನ್ನನ್ನು ನಡುವೆ ಸರಿಸಿ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟು ಕುಳಿತ. "ಇನ್ನೊಮ್ಮೆ ಇದನ್ನ ಮುಟ್ಟಿದ್ರ ಕೈ ಕಡೀತೇನಿ." ಹಿಂದಿನಿಂದ ಗುಲ್ಜಾರಬಿ ಕೂಗುವುದು ಕೇಳುತ್ತಿತ್ತು: "ಸೌಟರ ಕೊಟ್ಟ ಹೋಗ್ರಿ!"

ಸರ್ಕಲ್ಲಿಗೆ ಮುಟ್ಟಿದೆವು. ಅಲ್ಲಿಯ ಬಾಬಾಸಾಹೇಬರ ಮೂರ್ತಿಗೆ ನಮ್ಮ ಓಣಿಯ ಹಾರ ಹಾಕುವುದು ಗಾಡಿ ತಂದವರು. ಪ್ರತಿ ವರ್ಷ ಇವರೇ ಹಾಕುತ್ತಿದ್ದರು. ಅವತ್ತು ಭಾಷಣ ಎಲ್ಲ ನಮ್ಮ ಭೋಂಗಾದಿಂದಲೇ ಆಗಬೇಕಿತ್ತು. ಎಂಜಿನ್ ಬಂದ್ ಮಾಡಿದರೆ ಬ್ಯಾಟರಿ ಇಳಿದೀತು ಎಂದು ರಸೂಲಸಾಬ ಹೇಳಿದ. ಚಾಲೂ ಗಾಡಿಯನ್ನು ರಸೂಲಸಾಬನ ಕೈಗೆ ಬಿಟ್ಟು ಇವರು ಇಳಿಯುವವರಲ್ಲ. ಹಾರ ನನ್ನ ಕೈಗೆ ಕೊಟ್ಟರು.

"ನೀ ಹೋಗಿ ಹಾಕು."

"ನಾನ? ಅಷ್ಟ ಮ್ಯಾಲ? ನಿಚ್ಚಣಕಿ ಐತ್ರಿ ಅದಕ್ಕ."

"ಏರು. ಕೆಳಗ ನೋಡಬ್ಯಾಡ."

ಏರಿದೆ. ಕೆಳಗೆ ನೋಡಲಿಲ್ಲ. ಅದಕ್ಕೇ ಮೇಲೂ ಸರಿಯಾಗಿ ನೋಡಲಿಲ್ಲ. ಹಾರ ಹಾಕಿ ಇಳಿದು ಬಂದೆ. ಇವರು ಸ್ಟೇರಿಂಗ್ ಹಿಡಿದೇ ಕುಳಿತಿದ್ದರು. ಬೆವರು ಇಳಿಯುತ್ತಿತ್ತು. ಫ್ಯಾನನ್ನು ನನ್ನ ಸೀಟಿನ ಕಡೆಗೇ ತಿರುವಿ ಇಟ್ಟಿದ್ದರು.

"ಬಿತ್ತೇನು ಕೊಳ್ಳಾಗ?"

"ಇಲ್ರಿ. ಬೆರಳ ಮಾಡಿ ತೋರಸ್ತಾರಲ್ಲ, ಆ ಕೈಗೆ ಸಿಕ್ಕೊಂತು."

ಅವರು ನಕ್ಕದ್ದು ನನಗೆ ಇನ್ನೂ ಕಾಣುತ್ತದೆ. ಹಣೆಯನ್ನು ಸ್ಟೇರಿಂಗಿಗೆ ಹಚ್ಚಿ ನಕ್ಕರು. ಹಾರ್ನು ಒತ್ತಿ ಹೋಯಿತು. ಭಾಷಣ ಮಾಡುವವರು ಬೆಚ್ಚಿ ನಿಂತರು. ರಸೂಲಸಾಬ ಹಣೆ ಬಡಿದುಕೊಂಡ.

ದೀಪಾವಳಿಯ ಮುಂದೆ ಹೋದರು. ಇಷ್ಟೇ.

ಮೊನ್ನೆ ಯಲ್ಲೇಶ ಮನೆಗೆ ಬಂದಿದ್ದ. ಜಯಂತಿ ಹತ್ತಿರ ಬಂತು. ಚಹಾ ಕೊಟ್ಟೆ. ಕಪ್ಪು ತಿರುವುತ್ತ ಕುಳಿತ.

"ಏನೋ? ಟ್ರ್ಯಾಕ್ಟರ್ ತರಸ್ತೀಯೇನು?"

"ಇಲ್ರಿ ಕಾಕು. ಗಾಡಿ ಕಾಕಾಂದ ಬೇಕು. ನಡಸಾಕ ಯಾರು ಅಂತ ಕೇಳಾಕ ಬಂದೆ."

ಅದನ್ನು ನಾನು ಮೊದಲೇ ಮಾತಾಡಿದ್ದೆ. ರಸೂಲಸಾಬನನ್ನು ಕೇಳಿದ್ದೆ. ಅವನು ಬಹಳ ಹೊತ್ತು ಕೈ ಒರೆಸಿಕೊಂಡ. ಕಣ್ಣು ಒರೆಸಿಕೊಳ್ಳಲು ಆಗದವರು ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ನಡೆಸುತ್ತೇನೆ ಎಂದ. ಗುಲ್ಜಾರಬಿ ಶರಬತ್ತು ನಾನೊಬ್ಬಳೇ ಹಂಚುತ್ತೇನೆ ಎಂದಳು.

"ರಸೂಲಣ್ಣ ನಡಸ್ತಾನ. ಮಗ್ಗಲಾಗ ನಾ ಕೂಡತೇನಿ" ಎಂದೆ.

ಯಲ್ಲೇಶ ಗಾಬರಿಯಾದ. "ರಸೂಲ ಕಾಕಾ? ಅವರಿಗೆ ಗಾಡಿ ರಿವರ್ಸ್ ತಗೀಲಿಕ್ಕ ಬರೂದಿಲ್ಲಲ್ರಿ. ಅಂಗಡ್ಯಾಗೂ ಗಿರಾಕಿ ಕಡೆನ ತಗಸ್ತಾರ."

"ಗೊತ್ತೈತಿ. ಮೆರವಣಿಗಿ ಎಂದಾದ್ರೂ ಹಿಂದಕ್ಕ ಬಂದೈತೇನೋ? ಚಾ ಕುಡಿ, ಆರತೈತಿ."